ವೈದ್ಯವೃತ್ತಿಯಿಂದ ರಾಷ್ಟ್ರಸೇವೆಗೆ: ಡಾ. ನಾ.ಸು. ಹರ್ಡೀಕರರ ಸಾರ್ವಜನಿಕ ಜೀವನ

ಭಾರತದ ಸ್ವಾತಂತ್ರ್ಯ ಚಳವಳಿಯ ನಾಯಕತ್ವವನ್ನು ವೃತ್ತಿಯ ದೃಷ್ಟಿಯಿಂದ ಪರಿಶೀಲಿಸಿದಾಗ ವಕೀಲರ ಪ್ರಾಬಲ್ಯ ಎದ್ದು ಕಾಣುತ್ತದೆ. ಗಾಂಧೀಜಿ, ಮೋತಿಲಾಲ್ ನೆಹರೂ, ಚಿತ್ತರಂಜನ ದಾಸ್, ವಲ್ಲಭಭಾಯಿ ಪಟೇಲ್ ಮೊದಲಾದವರೆಲ್ಲರೂ ನ್ಯಾಯಾಲಯದಿಂದ ರಾಜಕಾರಣಕ್ಕೆ ಬಂದವರು. ಅವರೊಡನೆ ಹೋಲಿಸಿದರೆ ವೈದ್ಯರ ಸಂಖ್ಯೆ ಕಡಿಮೆ. ಆದರೆ ಅವರ ಪಾತ್ರ ಕಡಿಮೆಯದಲ್ಲ. 1921ರ ಅಹಮದಾಬಾದ್ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ಹಕೀಮ್ ಅಜ್ಮಲ್ ಖಾನರೂ 1927ರ ಮದರಾಸು ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ಡಾ. ಎಂ.ಎ. ಅನ್ಸಾರಿಯವರೂ ವಹಿಸಿದ್ದರು. 1948ರ ಜೈಪುರ ಅಧಿವೇಶನದ ಅಧ್ಯಕ್ಷರಾದ ಡಾ. ಪಟ್ಟಾಭಿ ಸೀತಾರಾಮಯ್ಯನವರೂ, ಅದೇ ವರ್ಷದಿಂದ 1962ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನಚಂದ್ರ ರಾಯ್ ಅವರೂ ಮೂಲತಃ ವೈದ್ಯರೇ. ಈ ಸಾಲಿನಲ್ಲಿ ಕರ್ನಾಟಕದಿಂದ ನಿಲ್ಲಬೇಕಾದ ಹೆಸರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರದು.

ಹರ್ಡೀಕರರು ಅಧ್ಯಕ್ಷಪೀಠವನ್ನೇರಿದವರಲ್ಲ, ಸಚಿವಪದವಿಯನ್ನು ಹಿಡಿದವರೂ ಅಲ್ಲ. ಅವರ ಕೊಡುಗೆ ಒಂದು ಸಂಘಟನೆಯ ರೂಪದಲ್ಲಿದೆ. ಹುಬ್ಬಳ್ಳಿಯಲ್ಲಿ ಬೇರೂರಿ ಇಡೀ ದೇಶಕ್ಕೆ ಹಬ್ಬಿದ ಹಿಂದೂಸ್ತಾನಿ ಸೇವಾದಳ ಅದು. ‘ಕರ್ನಾಟಕದ ಗಾಂಧಿ’ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರೊಡನೆ ಹೆಸರಿನ ಸಾಮ್ಯವಿರುವುದರಿಂದ ಸಾಮಾನ್ಯ ಓದುಗರು ಇವರಿಬ್ಬರನ್ನೂ ಒಬ್ಬರೆಂದೇ ಭಾವಿಸುವುದುಂಟು. ಹರ್ಡೀಕರರ ಸ್ಮರಣೆ ಎಷ್ಟು ಮಸುಕಾಗಿದೆಯೆಂಬುದಕ್ಕೆ ಇದೂ ಒಂದು ನಿದರ್ಶನ. ವೈದ್ಯಶಿಕ್ಷಣ ಅವರ ರಾಜಕಾರಣಕ್ಕೆ ಯಾವ ಸ್ವರೂಪವನ್ನು ನೀಡಿತು, ಆ ರಾಜಕಾರಣ ಏನನ್ನು ಸಾಧಿಸಿತು, ಎಲ್ಲಿ ಮಿತಿಗೊಂಡಿತು ಎಂಬ ಪ್ರಶ್ನೆಗಳ ಪರಿಶೀಲನೆ ಈ ಲೇಖನದ ಉದ್ದೇಶ.

ಕಾಲ ಮತ್ತು ಶಿಕ್ಷಣ

ಹರ್ಡೀಕರರು ಜನಿಸಿದ್ದು 1889ರ ಮೇ 7ರಂದು. ಅವರ ಬಾಲ್ಯ ಕಳೆದ ಮುಂಬಯಿ ಕರ್ನಾಟಕವು ಆಡಳಿತದಲ್ಲಿ ಮುಂಬಯಿಗೂ ರಾಜಕೀಯ ಪ್ರೇರಣೆಯಲ್ಲಿ ಪುಣೆಗೂ ಬದ್ಧವಾಗಿದ್ದ ಪ್ರದೇಶ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಧಾರವಾಡ ಜಿಲ್ಲೆಯನ್ನು ವ್ಯಾಪಿಸಿತು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳು ಅಪಾರ ಸಾವನ್ನು ಕಂಡವು. ಜನ ಊರು ತೊರೆದು ಬಯಲಿನ ಗುಡಿಸಲುಗಳಲ್ಲಿ ವಾಸಿಸಬೇಕಾಯಿತು. ಇದಕ್ಕೆ ಒಂದು ವರ್ಷ ಮೊದಲು, 1897ರ ಜೂನ್‌ನಲ್ಲಿ, ಪುಣೆಯ ಪ್ಲೇಗು ನಿಯಂತ್ರಣದ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿತ್ತು. ಪ್ಲೇಗಿನ ಹೆಸರಿನಲ್ಲಿ ಸೈನಿಕರು ಮನೆಗಳನ್ನು ಹೊಕ್ಕ ರೀತಿಯೇ ಆ ಕ್ರೋಧಕ್ಕೆ ಕಾರಣವಾಗಿತ್ತು. ಅದೇ ಸಂದರ್ಭದಲ್ಲಿ ಟಿಳಕರು ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆ ಸೇರಿದರು. ಸಾರ್ವಜನಿಕ ಆರೋಗ್ಯವೇ ರಾಜಕೀಯ ಪ್ರಶ್ನೆಯಾಗಿ ಮಾರ್ಪಟ್ಟ ಕಾಲವದು. ಜನರ ವಿಶ್ವಾಸವಿಲ್ಲದ ಸರ್ಕಾರ ಜನರ ಕಾಯಿಲೆಯನ್ನೂ ಗುಣಪಡಿಸಲಾರದು ಎಂಬ ಪಾಠವನ್ನು ಆ ತಲೆಮಾರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಹರ್ಡೀಕರರು ವೈದ್ಯಶಿಕ್ಷಣಕ್ಕಾಗಿ ಆರಿಸಿಕೊಂಡದ್ದು ಕಲ್ಕತ್ತವನ್ನು. ವಂಗಭಂಗ ವಿರೋಧಿ ಚಳವಳಿಯ ಕಾವು ಇನ್ನೂ ಆರದಿದ್ದ ಆ ನಗರದಲ್ಲಿ ಸ್ವದೇಶಿ, ರಾಷ್ಟ್ರೀಯ ಶಿಕ್ಷಣ, ವ್ಯಾಯಾಮಶಾಲೆ ಇವು ಯುವಕರ ದಿನನಿತ್ಯದ ವಿಷಯಗಳಾಗಿದ್ದವು. ಅಲ್ಲಿಂದ 1913ರಲ್ಲಿ ಅವರು ಅಮೆರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು.

ಈ ವಿಷಯದ ಆಯ್ಕೆ ಗಮನಾರ್ಹವಾದುದು. ಸಾಮಾನ್ಯ ವೈದ್ಯ ಒಬ್ಬ ರೋಗಿಯ ದೇಹವನ್ನು ನೋಡುತ್ತಾನೆ. ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿದವನು ನೀರು, ಚರಂಡಿ, ವಸತಿ, ಆಹಾರ, ಅಭ್ಯಾಸಗಳನ್ನು ನೋಡುತ್ತಾನೆ. ಆತನಿಗೆ ಔಷಧಿಗಿಂತ ಸಂಘಟನೆ ಮುಖ್ಯ. ಚಿಕಿತ್ಸೆಗಿಂತ ತರಬೇತಿ ಮುಖ್ಯ. ಮುಂದೆ ಹರ್ಡೀಕರರ ರಾಜಕೀಯ ಕಾರ್ಯದಲ್ಲಿ ಕಂಡುಬರುವ ವಿಶಿಷ್ಟ ಲಕ್ಷಣಗಳಿಗೆ ಈ ಶಿಕ್ಷಣದೊಡನೆ ನೇರವಾದ ಹೋಲಿಕೆಯಿದೆ.

ಅಮೆರಿಕದ ವರ್ಷಗಳು

ಹರ್ಡೀಕರರು ಅಮೆರಿಕ ತಲುಪಿದ 1913ನೆಯ ವರ್ಷವೇ ಪಶ್ಚಿಮ ಕರಾವಳಿಯಲ್ಲಿ ಗದರ್ ಪಕ್ಷ ಹುಟ್ಟಿಕೊಂಡಿತು. ಹೀಗಾಗಿ ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಎದುರು ಎರಡು ದಾರಿಗಳಿದ್ದವು: ಒಂದು ಸಶಸ್ತ್ರ ಬಂಡಾಯದ ಸಿದ್ಧತೆ, ಇನ್ನೊಂದು ಅಮೆರಿಕದ ಜನಾಭಿಪ್ರಾಯವನ್ನು ಭಾರತದ ಪರವಾಗಿ ತಿರುಗಿಸುವ ಪ್ರಚಾರಕಾರ್ಯ. ಭಾರತೀಯ ವಿದ್ಯಾರ್ಥಿಗಳ ಸಂಘಟನೆಯಲ್ಲಿ ಮುಂದಾಳಾಗಿದ್ದ ಹರ್ಡೀಕರರು ಎರಡನೆಯ ದಾರಿಯನ್ನು ಹಿಡಿದರು. 1914ರ ಕೊನೆಯಲ್ಲಿ ಅಮೆರಿಕಕ್ಕೆ ಬಂದ ಲಾಲಾ ಲಜಪತರಾಯರ ಸಂಪರ್ಕವು ಆ ಆಯ್ಕೆಯನ್ನು ದೃಢಗೊಳಿಸಿತು.

1917ರ ಅಕ್ಟೋಬರ್‌ನಲ್ಲಿ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕ ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರ ಕಾರ್ಯಭಾರವನ್ನು ಹೊತ್ತ ಪ್ರಮುಖರಲ್ಲಿ ಹರ್ಡೀಕರರೂ ಒಬ್ಬರು. 1918ರ ಜನವರಿಯಿಂದ ಲೀಗಿನ ಪರವಾಗಿ ‘ಯಂಗ್ ಇಂಡಿಯಾ’ ಎಂಬ ಪತ್ರಿಕೆ ಹೊರಬಂದಿತು. ಮುಂದಿನ ವರ್ಷ ಹರ್ಡೀಕರರು ಅಮೆರಿಕದ ಹಲವು ನಗರಗಳಲ್ಲಿ ಸಂಚರಿಸಿ ಭಾರತದ ಸ್ವಯಮಾಡಳಿತದ ಹಕ್ಕನ್ನು ಕುರಿತು ಸಭೆಗಳಲ್ಲಿ ಮಾತನಾಡಿದರು. ಸಭೆಗಳ ವ್ಯವಸ್ಥೆ, ಸದಸ್ಯರ ನೋಂದಣಿ, ಪತ್ರಿಕೆಯ ವಿತರಣೆ, ಹಣಕಾಸಿನ ಲೆಕ್ಕ ಮುಂತಾದ ಕಾಣದ ಕೆಲಸಗಳನ್ನು ಬಿಟ್ಟು ಇಂಥ ಪ್ರಚಾರ ನಡೆಯುವಂತಿಲ್ಲ. ಸಂಘಟಕನಾಗಿ ಹರ್ಡೀಕರರು ಪಳಗಿದ್ದು ಈ ಶಾಲೆಯಲ್ಲಿಯೇ.

ಲಜಪತರಾಯರು 1920ರ ಫೆಬ್ರುವರಿಯಲ್ಲಿ ಸ್ವದೇಶಕ್ಕೆ ಹಿಂತಿರುಗಿದರು. ಹರ್ಡೀಕರರು ಬಂದದ್ದು 1921ರಲ್ಲಿ. ಅಸಹಕಾರ ಚಳವಳಿ ಆಗ ಅದರ ಉತ್ತುಂಗದಲ್ಲಿತ್ತು. ವಿದೇಶದ ಪದವಿಯನ್ನು ಪಡೆದ ವೈದ್ಯನಿಗೆ ಸರ್ಕಾರಿ ಹುದ್ದೆಯಾಗಲಿ ನಗರದ ಖಾಸಗಿ ವೃತ್ತಿಯಾಗಲಿ ದುರ್ಲಭವಾಗಿರಲಿಲ್ಲ. ಹರ್ಡೀಕರರು ಎರಡನ್ನೂ ಒಲ್ಲದೆ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವಾಗಿ ಮಾಡಿಕೊಂಡು, ಯುವಕರನ್ನು ಕೂಡಿಸಿ ಹುಬ್ಬಳ್ಳಿ ಸೇವಾಮಂಡಳವನ್ನು ಕಟ್ಟಿದರು.

ನಾಗಪುರದ ಧ್ವಜ ಸತ್ಯಾಗ್ರಹ

1922ರ ಫೆಬ್ರುವರಿಯಲ್ಲಿ ಚೌರಿಚೌರಾ ಘಟನೆಯ ನಂತರ ಗಾಂಧೀಜಿಯವರು ಚಳವಳಿಯನ್ನು ಹಿಂತೆಗೆದುಕೊಂಡರು. ಸ್ವಯಂಸೇವಕರಿಗೆ ಉತ್ಸಾಹವಿದ್ದಷ್ಟು ಶಿಸ್ತಿರಲಿಲ್ಲವೆಂಬುದು ಆ ಘಟನೆಯಿಂದ ಸ್ಪಷ್ಟವಾಗಿತ್ತು. ಇದಾದ ಮರುವರ್ಷ ಒದಗಿದ ಪರೀಕ್ಷೆಯೇ ನಾಗಪುರದ ಧ್ವಜ ಸತ್ಯಾಗ್ರಹ.

1923ರ ಮಾರ್ಚ್‌ನಲ್ಲಿ ಜಬಲ್‌ಪುರದಲ್ಲಿ ರಾಷ್ಟ್ರಧ್ವಜದ ಪ್ರಶ್ನೆಯ ಮೇಲೆ ಆರಂಭವಾದ ಸಂಘರ್ಷ ಮೇ 1ರಿಂದ ನಾಗಪುರಕ್ಕೆ ಸ್ಥಳಾಂತರಗೊಂಡಿತು. ಧ್ವಜ ಹಿಡಿದು ನಿಷೇಧಿತ ಪ್ರದೇಶವನ್ನು ಪ್ರವೇಶಿಸಿದ ತಂಡಗಳನ್ನು ಸರ್ಕಾರ ಒಂದರ ಹಿಂದೊಂದರಂತೆ ಬಂಧಿಸಿತು. ಜಮನಾಲಾಲ್ ಬಜಾಜರು ಜೂನ್‌ನಲ್ಲಿ ಬಂಧಿತರಾದ ಬಳಿಕ ವಲ್ಲಭಭಾಯಿ ಪಟೇಲರು ಹೊಣೆಯನ್ನು ವಹಿಸಿಕೊಂಡರು. ಆಗಸ್ಟ್ ತಿಂಗಳಿನಲ್ಲಿ ಸತ್ಯಾಗ್ರಹ ಮುಕ್ತಾಯವಾಗುವ ವೇಳೆಗೆ ದೇಶದ ನಾನಾ ಭಾಗಗಳ ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾಗಿದ್ದರು. ಹರ್ಡೀಕರರ ನೇತೃತ್ವದಲ್ಲಿ ಹುಬ್ಬಳ್ಳಿಯಿಂದ ಹೋದ ತಂಡವೂ ಅವರಲ್ಲಿ ಸೇರಿತ್ತು.

ಸೆರೆಮನೆಯ ಕಠಿಣ ಪರಿಸ್ಥಿತಿಯನ್ನು ತಾಳಲಾರದೆ ಸತ್ಯಾಗ್ರಹಿಗಳಲ್ಲಿ ಹಲವರು ಕ್ಷಮಾಪತ್ರ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಣಿಯಲಿಲ್ಲ. ಆ ದಿನಗಳಲ್ಲಿ ಇದು ಇತರ ಪ್ರಾಂತ್ಯಗಳ ಮುಖಂಡರ ಗಮನವನ್ನು ಸೆಳೆಯಿತು. ಕ್ಷಮೆ ಕೇಳಿದವರು ದೇಶಪ್ರೇಮದಲ್ಲಿ ಕಡಿಮೆಯವರಾಗಿದ್ದರೆಂದು ಹೇಳಲು ಬರುವುದಿಲ್ಲ. ಅವರಿಗೆ ಸಿದ್ಧತೆಯಿರಲಿಲ್ಲ, ಅಷ್ಟೆ. ಸಹನೆಯೂ ಅಭ್ಯಾಸದಿಂದ ಬರತಕ್ಕದ್ದು, ಮನಸ್ಸಿನಂತೆ ದೇಹವನ್ನೂ ಅದಕ್ಕೆ ಅಣಿಗೊಳಿಸಬೇಕು ಎಂಬ ತೀರ್ಮಾನಕ್ಕೆ ನಾಗಪುರದ ಅನುಭವ ಎಡೆಮಾಡಿಕೊಟ್ಟಿತು. ರಾಷ್ಟ್ರವ್ಯಾಪಿಯಾದ ಸ್ವಯಂಸೇವಕ ದಳದ ಕಲ್ಪನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ.

ಕಾಕಿನಾಡದ ನಿರ್ಣಯ ಮತ್ತು ವಿರೋಧ

1923ರ ಡಿಸೆಂಬರ್‌ನಲ್ಲಿ ಮೌಲಾನಾ ಮಹಮದಾಲಿಯವರ ಅಧ್ಯಕ್ಷತೆಯಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದರೊಡನೆ ನಡೆದ ಸ್ವಯಂಸೇವಕರ ಸಮ್ಮೇಳನಕ್ಕೆ ಜವಾಹರಲಾಲ್ ನೆಹರೂ ಅಧ್ಯಕ್ಷರಾದರು. ಹಿಂದೂಸ್ತಾನಿ ಸೇವಾದಳ ಅಲ್ಲಿ ಅಸ್ತಿತ್ವಕ್ಕೆ ಬಂದಿತು. ನೆಹರೂ ಅದರ ಮೊದಲ ಅಧ್ಯಕ್ಷರಾದರು. ಸಂಘಟನೆಯ ಭಾರ ಹರ್ಡೀಕರರ ಮೇಲೆ ಬಿದ್ದಿತು.

ಈ ಪ್ರಸ್ತಾವ ಸುಲಭವಾಗಿ ಅಂಗೀಕಾರವಾಗಲಿಲ್ಲ. ನೆಹರೂ ತಮ್ಮ ಆತ್ಮಕಥೆಯಲ್ಲಿ ಆ ವಿರೋಧವನ್ನು ಕಂಡು ತಮಗಾದ ಆಶ್ಚರ್ಯವನ್ನು ದಾಖಲಿಸಿದ್ದಾರೆ. ಇದು ಕಾಂಗ್ರೆಸ್ಸಿನೊಳಗೆ ಸೈನಿಕ ಅಂಶವನ್ನು ತರುವ ಅಪಾಯಕಾರಿ ಹೆಜ್ಜೆಯೆಂದು ಕೆಲವರು ಭಾವಿಸಿದರು. ಸ್ವಯಂಸೇವಕರು ಮೇಲಿನವರ ಮಾತನ್ನು ಕೇಳಿದರೆ ಸಾಕು, ಹೆಜ್ಜೆ ಹಾಕಿ ನಡೆಯುವ ಕವಾಯತು ಬೇಡ ಎಂಬುದು ಮತ್ತೆ ಕೆಲವರ ವಾದ. ತರಬೇತಿ ಪಡೆದ ದಳ ಅಹಿಂಸೆಗೆ ಹೊಂದುವಂಥದಲ್ಲ ಎಂಬ ಅಳುಕು ಇವೆಲ್ಲದರ ಹಿಂದೆ ಇತ್ತು. ಹರ್ಡೀಕರರು ವರ್ಷಗಳ ಕಾಲ ತಾಳ್ಮೆಯಿಂದ ದುಡಿದು, ತರಬೇತಾದ ಸ್ವಯಂಸೇವಕರು ಹೆಚ್ಚು ದಕ್ಷರೂ ಹೆಚ್ಚು ಅಹಿಂಸಾಪರರೂ ಆಗಿರಬಲ್ಲರೆಂಬುದನ್ನು ತೋರಿಸಿಕೊಟ್ಟರೆಂದು ನೆಹರೂ ಅದೇ ಕೃತಿಯಲ್ಲಿ ಒಪ್ಪಿಕೊಂಡಿದ್ದಾರೆ.

ಈ ವಿವಾದವನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಸಮವಸ್ತ್ರ, ಕವಾಯತು, ಆಜ್ಞಾಪಾಲನೆ ಇವು ಜನಾಂದೋಲನದ ಸ್ವಭಾವವನ್ನೇ ಬದಲಿಸಬಲ್ಲವು. ಅದೇ ದಶಕದಲ್ಲಿ ಇಟಲಿಯಲ್ಲಿ ಸಮವಸ್ತ್ರದ ದಳಗಳು ಪ್ರಜಾಪ್ರಭುತ್ವವನ್ನು ನುಂಗಿದ್ದವು. ಭಾರತದಲ್ಲಿಯೂ 1925ರಲ್ಲಿ ನಾಗಪುರದಲ್ಲಿ ಮತ್ತೊಬ್ಬ ವೈದ್ಯ ಡಾ. ಕೇಶವ ಬಲಿರಾಮ ಹೆಡಗೇವಾರರು ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ಸ್ಥಾಪಿಸಿದರು. ಅವರೂ ಕಲ್ಕತ್ತದಲ್ಲಿ ವೈದ್ಯಶಿಕ್ಷಣ ಪಡೆದವರು. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ವ್ಯವಸ್ಥೆಯಲ್ಲಿ ದುಡಿದವರು. ಶರೀರದ ತರಬೇತಿಯಿಂದ ರಾಷ್ಟ್ರದ ಚಾರಿತ್ರ್ಯವನ್ನು ರೂಪಿಸಬೇಕೆಂಬ ನಂಬಿಕೆ ಇಬ್ಬರಿಗೂ ಸಮಾನ. ವ್ಯತ್ಯಾಸವಿರುವುದು ಆ ರಾಷ್ಟ್ರದ ಕಲ್ಪನೆಯಲ್ಲಿ. ಹೆಡಗೇವಾರರ ಸಂಘ ಹಿಂದೂ ಸಮಾಜದ ಸಂಘಟನೆಯನ್ನು ಗುರಿಯಾಗಿಟ್ಟುಕೊಂಡು ಕಾಂಗ್ರೆಸ್ಸಿನಿಂದ ಹೊರಗೆ ಬೆಳೆಯಿತು. ಹರ್ಡೀಕರರ ದಳ ಎಲ್ಲ ಮತಧರ್ಮದವರಿಗೂ ಮುಕ್ತವಾಗಿ ಕಾಂಗ್ರೆಸ್ಸಿನ ಆಶ್ರಯದಲ್ಲಿ ಬೆಳೆಯಿತು. ಎರಡು ವರ್ಷಗಳ ಅಂತರದಲ್ಲಿ ಇಬ್ಬರು ವೈದ್ಯರಿಂದ ಆರಂಭವಾದ ಈ ಎರಡು ಪ್ರಯೋಗಗಳು ಮುಂದೆ ಹಿಡಿದ ಹಾದಿಗಳನ್ನು ಜೊತೆಯಲ್ಲಿಟ್ಟು ನೋಡುವ ಅಧ್ಯಯನ ಇನ್ನೂ ಹೆಚ್ಚು ನಡೆಯಬೇಕಾಗಿದೆ.

ಬೆಳಗಾವಿಯಲ್ಲಿ ದಳದ ಪರೀಕ್ಷೆ

ಸೇವಾದಳದ ಸಾಮರ್ಥ್ಯ ರಾಷ್ಟ್ರದ ಕಣ್ಣಿಗೆ ಬಿದ್ದದ್ದು 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ವಿಜಯನಗರವೆಂಬ ಹೆಸರಿನ ಶಿಬಿರ ನಿರ್ಮಾಣವಾಯಿತು. ನೀರಿಗಾಗಿ ಪಂಪಾಸರೋವರವೆಂಬ ಬಾವಿಯನ್ನು ತೋಡಲಾಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದೂ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿದ್ದೂ ಇದೇ ಸಂದರ್ಭದಲ್ಲಿ. ಕನ್ನಡನಾಡಿನ ಇತಿಹಾಸದಲ್ಲಿ ಬೆಳಗಾವಿ ಅಧಿವೇಶನವನ್ನು ಸಾಮಾನ್ಯವಾಗಿ ಇವುಗಳಿಗಾಗಿ ನೆನೆಯಲಾಗುತ್ತದೆ.

ಆದರೆ ಸಾವಿರಾರು ಜನ ಕೆಲವು ದಿನಗಳ ಮಟ್ಟಿಗೆ ಬಯಲಿನಲ್ಲಿ ಬಿಡಾರ ಹೂಡಿದಾಗ ಮೊದಲು ಎದುರಾಗುವುದು ಆರೋಗ್ಯದ ಪ್ರಶ್ನೆ. ಜಾತ್ರೆಗಳ ಬೆನ್ನಿಗೆ ಕಾಲರಾ ಬರುತ್ತಿದ್ದ ಕಾಲವದು. ಕುಡಿಯುವ ನೀರನ್ನು ಕಾಯುವುದು, ಕಸ ತೆಗೆಯುವುದು, ಜನಸಂದಣಿಯನ್ನು ನಿಯಂತ್ರಿಸುವುದು, ಅಸ್ವಸ್ಥರನ್ನು ಆರೈಕೆ ಮಾಡುವುದು ಇವೆಲ್ಲ ಸ್ವಯಂಸೇವಕರ ಪಾಲಿಗೆ ಬಂದವು. ಕಾಕಾ ಕಾಲೇಲಕರರ ಮೇಲ್ವಿಚಾರಣೆಯಲ್ಲಿ ನಡೆದ ಶೌಚವ್ಯವಸ್ಥೆಯ ಕೆಲಸಕ್ಕೆ ಮೇಲುಜಾತಿಯ ಯುವಕರೂ ಕೈಹಾಕಿದರು. ಹರ್ಡೀಕರರ ದಳ ಶಿಬಿರದ ಶಿಸ್ತನ್ನು ಕಾಪಾಡಿತು. ಕವಾಯತನ್ನು ಕಂಡು ಕಾಕಿನಾಡದಲ್ಲಿ ಅಂಜಿದ್ದವರಿಗೆ ಅದರ ಉಪಯೋಗ ಬೆಳಗಾವಿಯಲ್ಲಿ ಕಾಣಿಸಿತು. ಕೈಯಲ್ಲಿ ಲಾಠಿಯಿಲ್ಲದೆ ಜನಸಂದಣಿಯನ್ನು ನಡೆಸಬಹುದು, ಸಂಬಳವಿಲ್ಲದೆ ಊರೊಂದನ್ನು ಚೊಕ್ಕಟವಾಗಿಡಬಹುದು ಎಂಬುದು ಅಲ್ಲಿ ಸಿದ್ಧವಾಯಿತು.

ಮಹಿಳೆಯರ ಪಾಲ್ಗೊಳ್ಳುವಿಕೆಯ ದೃಷ್ಟಿಯಿಂದಲೂ ಬೆಳಗಾವಿ ಮಹತ್ತ್ವದ್ದು. ಬಾಲ್ಯದಲ್ಲಿಯೇ ವಿವಾಹವಾಗಿ, ಪತಿ ಸಂಜೀವರಾಯರನ್ನು 1923ರಲ್ಲಿ ಕಳೆದುಕೊಂಡ ಉಮಾಬಾಯಿ ಕುಂದಾಪುರ ಅವರು ಮಾವನವರೊಡನೆ ಹುಬ್ಬಳ್ಳಿಗೆ ಬಂದು ನೆಲೆಸಿದ್ದರು. ಹರ್ಡೀಕರರು ಅವರಿಗೆ ದಳದ ಮಹಿಳಾ ವಿಭಾಗದ ಹೊಣೆಯನ್ನು ಒಪ್ಪಿಸಿದರು. ವಿಧವೆಯರು ಮನೆಯ ಹೊಸ್ತಿಲನ್ನು ದಾಟುವುದೇ ಕಷ್ಟವಾಗಿದ್ದ ಸಮಾಜದಲ್ಲಿ ಉಮಾಬಾಯಿಯವರು ಮನೆಮನೆಗೆ ಹೋಗಿ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಬೆಳಗಾವಿಗೆ ಸಜ್ಜುಗೊಳಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಕಮಲಾದೇವಿ ಚಟ್ಟೋಪಾಧ್ಯಾಯರ ಆರಂಭದ ರಾಜಕೀಯ ಕಾರ್ಯವೂ ಸೇವಾದಳದೊಡನೆ ಹೆಣೆದುಕೊಂಡಿತ್ತು. ಕವಾಯತಿನ ಸಂಘಟನೆ ಗಂಡಸರ ಅಖಾಡವಾಗಿ ಮಾತ್ರ ಉಳಿಯದೆ ಹೋದದ್ದು ಹರ್ಡೀಕರರ ಪ್ರಯೋಗದ ಹಿರಿಮೆ.

ಪ್ರತಿ ತಿಂಗಳ ಕೊನೆಯ ಭಾನುವಾರ ರಾಷ್ಟ್ರಧ್ವಜಕ್ಕೆ ವಂದನೆ ಸಲ್ಲಿಸುವ ಪದ್ಧತಿಯನ್ನು ರೂಢಿಗೆ ತಂದುದೂ ಸೇವಾದಳವೇ. ನಾಗಪುರದಲ್ಲಿ ಸೆರೆವಾಸಕ್ಕೆ ಕಾರಣವಾಗಿದ್ದ ಧ್ವಜವು ಹೀಗೆ ಊರೂರಿನ ಸಾಮಾನ್ಯ ಆಚರಣೆಯಾಗಿ ಮಾರ್ಪಟ್ಟಿತು.

ಸ್ವಾಯತ್ತತೆಯಿಂದ ಪಕ್ಷದ ಅಂಗವಾಗಿ

1923ರಿಂದ 1931ರವರೆಗಿನ ಅವಧಿಯಲ್ಲಿ ಸೇವಾದಳ ಕಾಂಗ್ರೆಸ್ಸಿನ ನೆರಳಿನಲ್ಲಿದ್ದರೂ ತನ್ನದೇ ಆಡಳಿತವನ್ನು ಹೊಂದಿತ್ತು. 1930ರ ಉಪ್ಪಿನ ಸತ್ಯಾಗ್ರಹದ ನಂತರ ಸ್ವಯಂಸೇವಕರ ಸಂಖ್ಯೆಯೂ ಮಹತ್ತ್ವವೂ ಹೆಚ್ಚಾದವು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಅಂಗವಾಗಿ ಸ್ವೀಕರಿಸಿತು. ವಾಯವ್ಯ ಗಡಿಪ್ರಾಂತ್ಯದ ಖುದಾಯಿ ಖಿದ್ಮತ್‌ಗಾರರೂ ಅದೇ ವರ್ಷ ಕಾಂಗ್ರೆಸ್ಸಿನ ವ್ಯವಸ್ಥೆಯೊಳಗೆ ಬಂದರು. ಹಿಂದೂಸ್ತಾನಿ ಸೇವಾದಳ ಕಾಂಗ್ರೆಸ್ ಸೇವಾದಳವಾಯಿತು.

ಮೇಲ್ನೋಟಕ್ಕೆ ಇದು ಹರ್ಡೀಕರರ ಎಂಟು ವರ್ಷಗಳ ಶ್ರಮಕ್ಕೆ ದೊರೆತ ಮನ್ನಣೆ. ಆದರೆ ದಳದ ಸ್ವಾಯತ್ತತೆ ಮುಗಿದುದೂ ಇಲ್ಲಿಯೇ. ಮರುವರ್ಷವೇ, 1932ರ ಜನವರಿಯಲ್ಲಿ, ಸರ್ಕಾರ ಕಾಂಗ್ರೆಸ್ಸಿನೊಡನೆ ಸೇವಾದಳವನ್ನೂ ನಿಷೇಧಿಸಿತು. ಉಮಾಬಾಯಿಯವರು ಯರವಡಾ ಸೆರೆಮನೆ ಸೇರಿದರು. ಹರ್ಡೀಕರರ ಜೀವನದಲ್ಲಿಯೂ ಬಂಧನ, ಬಿಡುಗಡೆ, ಪುನಃ ಬಂಧನ ಇವು ಕ್ರಮವಾದವು. ಸಂಘಟಕನೊಬ್ಬನ ಪಾಲಿಗೆ ಸೆರೆವಾಸಕ್ಕಿಂತ ಕಠಿಣವಾದುದು ಕಟ್ಟಿದ ಶಿಬಿರಗಳೂ ತರಬೇತಾದ ಕಾರ್ಯಕರ್ತರೂ ಚೆದುರಿಹೋಗುವುದು.

ಘಟಪ್ರಭೆಯ ಆರೋಗ್ಯಧಾಮ

ಹರ್ಡೀಕರರೊಳಗಿನ ವೈದ್ಯ ಈ ಅವಧಿಯಲ್ಲಿ ಮರೆಯಾಗಿರಲಿಲ್ಲ. 1929ರಲ್ಲಿ ಡಾ. ಜಿ.ಆರ್. ಕೊಕಟನೂರ ಮತ್ತು ಡಾ. ಎಂ.ಕೆ. ವೈದ್ಯ ಅವರೊಡನೆ ಸೇರಿ ಅವರು ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ದೊಡ್ಡ ಆಸ್ಪತ್ರೆಗಳು ನಗರಗಳಲ್ಲಿಯೇ ಕೇಂದ್ರೀಕೃತವಾಗಿದ್ದ ಕಾಲದಲ್ಲಿ ಹಳ್ಳಿಗಾಡಿನ ನಡುವೆ, ರೈಲುದಾರಿಗೆ ಹತ್ತಿರವಾಗಿ ನೆಲೆಗೊಂಡ ಈ ಸಂಸ್ಥೆ ಸುತ್ತಲಿನ ಗ್ರಾಮಗಳ ಜನರಿಗೆ ಆಸರೆಯಾಯಿತು. ಇಂದಿಗೂ ಆ ಪ್ರದೇಶದಲ್ಲಿ ಅದರ ಹೆಸರು ಜನಜನಿತವಾಗಿದೆ. ಮುಂದೆ ಘಟಪ್ರಭೆ ಸೇವಾದಳದ ತರಬೇತಿಯ ನೆಲೆಯೂ ಆಯಿತು. ವೈದ್ಯಕೀಯವೂ ರಾಷ್ಟ್ರಕಾರ್ಯವೂ ಹರ್ಡೀಕರರ ದೃಷ್ಟಿಯಲ್ಲಿ ಬೇರೆ ಬೇರೆಯಾಗಿರಲಿಲ್ಲವೆಂಬುದಕ್ಕೆ ಒಂದೇ ಊರಿನಲ್ಲಿ ನಿಂತ ಈ ಎರಡು ಸಂಸ್ಥೆಗಳು ಸಾಕ್ಷಿ.

ರಾಜ್ಯಸಭೆಯ ದಶಕ

1952ರಲ್ಲಿ ರಾಜ್ಯಸಭೆ ಅಸ್ತಿತ್ವಕ್ಕೆ ಬಂದಾಗ ಹರ್ಡೀಕರರು ಅದರ ಸದಸ್ಯರಾಗಿ 1962ರವರೆಗೆ ಹತ್ತು ವರ್ಷ ಸೇವೆ ಸಲ್ಲಿಸಿದರು. ಈ ದಶಕದ ನಡುವೆ, 1956ರ ನವೆಂಬರ್ 1ರಂದು, ಹುಬ್ಬಳ್ಳಿ ಬೆಳಗಾವಿಗಳು ಮುಂಬಯಿ ರಾಜ್ಯದಿಂದ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಬೆಳಗಾವಿಯ ಶಿಬಿರದಲ್ಲಿ 1924ರಲ್ಲಿ ಕೇಳಿಬಂದಿದ್ದ ಏಕೀಕರಣದ ಆಶಯ ಹೀಗೆ ಅವರ ಕಣ್ಣೆದುರಿನಲ್ಲಿಯೇ ಕೈಗೂಡಿತು. 1958ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು.

ಆದರೆ ಸೇವಾದಳದ ಸ್ಥಿತಿ ಅಷ್ಟು ಸಂತೋಷಕರವಾಗಿರಲಿಲ್ಲ. ವಿದೇಶಿ ಸರ್ಕಾರವನ್ನು ಎದುರಿಸಲು ಹುಟ್ಟಿದ ದಳಕ್ಕೆ ಸ್ವದೇಶಿ ಸರ್ಕಾರದ ಕಾಲದಲ್ಲಿ ಯಾವ ಕೆಲಸ? ಗ್ರಾಮನೈರ್ಮಲ್ಯ, ಸಾಕ್ಷರತೆ, ವಿಪತ್ತಿನಲ್ಲಿ ಪರಿಹಾರಕಾರ್ಯ ಇಂಥವನ್ನು ಮುಂದುವರಿಸುವ ಅವಕಾಶವಿತ್ತು. ಆದರೆ ಆಳುವ ಪಕ್ಷದ ಅಂಗವಾದ ಮೇಲೆ ಅಧಿಕಾರದತ್ತ ನೋಡುವ ಕಾರ್ಯಕರ್ತನಿಗೆ ಪೊರಕೆಗಿಂತ ಚುನಾವಣೆಯ ಟಿಕೆಟ್ಟು ಹತ್ತಿರವಾಗಿ ಕಾಣುವುದು ಸಹಜ. ದಳ ಕ್ರಮೇಣ ಅಧಿವೇಶನಗಳ ಧ್ವಜವಂದನೆ, ಮುಖಂಡರ ಸ್ವಾಗತ, ಸಭೆಗಳ ವ್ಯವಸ್ಥೆ ಇವುಗಳಿಗೆ ಸೀಮಿತಗೊಂಡಿತು. ಪಕ್ಷದಿಂದ ಹೊರಗೆ, ಸ್ವತಂತ್ರವಾದ ಆಡಳಿತದೊಡನೆ, ಸೇವಾದಳ ಉಳಿದಿದ್ದರೆ ಅದರ ಇತಿಹಾಸ ಬೇರೆಯಾಗುತ್ತಿತ್ತೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗೋಖಲೆಯವರ ಭಾರತ ಸೇವಕ ಸಮಾಜ (1905), ಲಜಪತರಾಯರ ಲೋಕಸೇವಕ ಮಂಡಳ (1921) ಇವು ಪಕ್ಷಕ್ಕೆ ಅಂಟಿಕೊಳ್ಳದೆ ಉಳಿದವು. ಆದರೆ ಸೇವಾದಳದಷ್ಟು ಜನರನ್ನು ಮುಟ್ಟಲಿಲ್ಲ. ಪಕ್ಷದ ಆಶ್ರಯವೇ ದಳಕ್ಕೆ ವ್ಯಾಪ್ತಿಯನ್ನು ನೀಡಿತು. ಅದೇ ಆಶ್ರಯ ಅದರ ಸ್ವಂತಿಕೆಯನ್ನು ಕಸಿದುಕೊಂಡಿತು.

ಉಪಸಂಹಾರ

ಹರ್ಡೀಕರರು 1975ರ ಆಗಸ್ಟ್ 26ರಂದು ನಿಧನರಾದರು. ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗ ಎರಡು ತಿಂಗಳಾಗಿದ್ದವು. ಅಹಿಂಸೆಯ ಶಿಸ್ತನ್ನು ಜನರು ತಾವಾಗಿ ಒಪ್ಪಿಕೊಳ್ಳಬೇಕೆಂದು ದುಡಿದ ವ್ಯಕ್ತಿ ತೀರಿಕೊಂಡದ್ದು ಶಿಸ್ತೆಂಬ ಮಾತು ಸರ್ಕಾರದ ಆಜ್ಞೆಯಾಗಿದ್ದ ದಿನಗಳಲ್ಲಿ. ಒಳಗಿನಿಂದ ಬರುವ ಶಿಸ್ತಿಗೂ ಮೇಲಿನಿಂದ ಹೇರಿದ ಶಿಸ್ತಿಗೂ ಇರುವ ಅಂತರವನ್ನು ಅಳೆಯಲು ಅವರ ಜೀವನ ಒಂದು ಒರೆಗಲ್ಲು. 1989ರಲ್ಲಿ ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಒಟ್ಟಾರೆಯಾಗಿ ನೋಡಿದಾಗ ಹರ್ಡೀಕರರ ಸಾಧನೆ ಮೂರು ಬಗೆಯದು. ರಾಷ್ಟ್ರೀಯ ಚಳವಳಿಯ ಉತ್ಸಾಹಕ್ಕೆ ಅವರು ಶಿಸ್ತಿನ ಚೌಕಟ್ಟನ್ನು ಒದಗಿಸಿದರು. ಆ ಶಿಸ್ತು ಹಿಂಸೆಯತ್ತ ಹೊರಳದಂತೆಯೂ ಒಂದು ಮತಧರ್ಮಕ್ಕೆ ಸೀಮಿತವಾಗದಂತೆಯೂ ನೋಡಿಕೊಂಡರು. ಮಹಿಳೆಯರಿಗೆ, ಅದರಲ್ಲಿಯೂ ಸಮಾಜ ಮೂಲೆಗೆ ತಳ್ಳಿದ್ದ ವಿಧವೆಯರಿಗೆ, ಸಾರ್ವಜನಿಕ ಜೀವನದ ಬಾಗಿಲನ್ನು ತೆರೆದರು. ಇವೆಲ್ಲದರ ಹಿಂದೆ ಇರುವುದು ರೋಗ ಬರುವ ಮೊದಲೇ ದೇಹವನ್ನು ಸದೃಢಗೊಳಿಸಬೇಕೆಂಬ ಸಾರ್ವಜನಿಕ ಆರೋಗ್ಯಶಾಸ್ತ್ರದ ಮೂಲತತ್ತ್ವ. ಅವರು ಕಟ್ಟಿದ ದಳ ಕಾಲಾಂತರದಲ್ಲಿ ಸೊರಗಿದುದು ನಿಜ. ಆದರೆ ಸ್ವರಾಜ್ಯವನ್ನು ಪಡೆಯುವುದಕ್ಕೆ ಬೇಕಾದ ತರಬೇತಿ ಅದನ್ನು ಉಳಿಸಿಕೊಳ್ಳುವುದಕ್ಕೂ ಬೇಕೆಂಬ ಅವರ ನಿಲುವಿಗೆ ಆ ಸೋಲಿನಿಂದ ಕುಂದು ಬರುವುದಿಲ್ಲ. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯು ಸೆರೆವಾಸ, ಸತ್ಯಾಗ್ರಹಗಳ ಜೊತೆಗೆ ಇಂಥ ಸಿದ್ಧತೆಯ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಹರ್ಡೀಕರರಿಗೆ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ.